ಬೇಕಾದಷ್ಟು

ಮಾರ್ಜರಿ ಥರ್ಲೋ ಕೇಳಿದ್ದು ಇಷ್ಟೇ:
ದಿನಾ ಬೆಳಿಗ್ಗೆ ಒಂದು ಹಾಳೆ, ದಪ್ಪಕ್ಷರದಲ್ಲಿ,
ಉಬ್ಬರ ಎಷ್ಟು ಹೊತ್ತಿಗೆ, ಇಳಿತ ಎಷ್ಟು ಹೊತ್ತಿಗೆ.
ಎಂಬತ್ತೊಂದರ ಕಣ್ಣಿಗೆ ಫೋನಿನ ಇರುವೆಸಾಲು ಕಾಣುವುದಿಲ್ಲ.
ಲೋವೆಸ್ಟಾಫ್ಟಿನ ಮೀನು ಹರಾಜುಕಟ್ಟೆಯಲ್ಲಿ ಲೆಕ್ಕ ಬರೆದವಳು,
ಅಲ್ಲಿಂದಲೇ ಬಂದ ಹಳೇ ಪ್ರಿಂಟರನ್ನು
ಮಗುವಿನಂತೆ ಟವೆಲಿನಲ್ಲಿ ಸುತ್ತಿ ತಂದುಕೊಟ್ಟಳು.

ಒಂದು ಸಂಜೆಯ ಕೆಲಸ, ಅಂದೆ.

ನನ್ನ ಹತ್ತಿರ ಒಂದು ಪುಟ್ಟ ಯಂತ್ರವಿತ್ತು,
ಆಸ್ಪತ್ರೆಯ ಔಷಧಿ ಕೋಣೆಯವರು ಎಸೆಯಲಿಟ್ಟದ್ದು.
ಎಲ್ಲ ಅಳಿಸಿ ಲಿನಕ್ಸ್ ಹಾಕಿದ್ದೆ,
ಮೈಮೇಲೆ ನೂಲಿಲ್ಲದ್ದು:
ಕಿಟಕಿಗಳಿಲ್ಲ, ಚಿತ್ರಗಳಿಲ್ಲ, ಮೌಸಿನ ಬಾಣವೂ ಇಲ್ಲ,
ಕಪ್ಪು ಪರದೆ, ಮಿಟುಕುವ ಒಂದು ಗೆರೆ.
ನಲವತ್ತೊಂದು ಪ್ಯಾಕೇಜು; ಒಂದೊಂದನ್ನೂ
ಹೆಸರು ಹಿಡಿದು ಕರೆಯಬಲ್ಲೆ ಎಂಬ ಜಂಬ.
ಪಾಳಿ ಮುಗಿಸಿ ಬಂದು ಸುಮ್ಮನೆ ನೋಡುತ್ತ ಕೂರುತ್ತಿದ್ದೆ,
ಬೆಟ್ಟದ ಮೇಲಿನ ಗೊಮ್ಮಟನನ್ನು ನೋಡಿದ ಹಾಗೆ.

ಬೇಕಾದಷ್ಟು ಎನ್ನುತ್ತೇವಲ್ಲ ನಾವು,
ಬೇಕಿರುವಷ್ಟು ಮಾತ್ರ ಎನ್ನಲೂ ಅದೇ ಮಾತು,
ರಾಶಿ ರಾಶಿ ಬಿದ್ದಿದೆ ಎನ್ನಲೂ ಅದೇ ಮಾತು.
ಎರಡರ ನಡುವೆ ಎಷ್ಟು ದೂರವೆಂದು
ಪ್ರಿಂಟರಿನ ಡ್ರೈವರ್ ಹಾಕಲು ಹೋದಾಗ ಗೊತ್ತಾಯಿತು.

ಡ್ರೈವರಿಗೆ ಒಂದು ಲೈಬ್ರರಿ ಬೇಕು.
ಲೈಬ್ರರಿಗೆ ಅಕ್ಷರದಚ್ಚು ಬೇಕು. ಅಚ್ಚಿಗೆ ಬಣ್ಣದ ಪರಿಚಯ ಬೇಕು
(ಕಪ್ಪು ರಿಬ್ಬನ್ನಿನ ಪ್ರಿಂಟರಿಗೆ!).
ಬಣ್ಣಕ್ಕೆ ಚಿತ್ರ, ಚಿತ್ರಕ್ಕೆ ಕಿಟಕಿ,
ಕಿಟಕಿಗೆ, ಯಾಕೋ ತಿಳಿಯದು, ಬ್ಲೂಟೂತ್.
ನೂರಾ ಎಪ್ಪತ್ತಮೂರು ಹೊಸಬರು ಬಾಗಿಲಲ್ಲಿದ್ದಾರೆ,
ಒಳಗೆ ಬರಲೇ? ಹೌದು, ಇಲ್ಲ.
ಒಬ್ಬ ಬೀಗನನ್ನು ಊಟಕ್ಕೆ ಕರೆದರೆ
ಅವನ ಸೋದರತ್ತೆಯ ನಾದಿನಿಯ ಗಂಡ
ಆಗಲೇ ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುತ್ತಿದ್ದಾನೆ.

ಇಲ್ಲ, ಅಂದೆ. ಕೈಯಾರೆ ಒಂದೊಂದಾಗಿ ಕಟ್ಟುತ್ತೇನೆ.
ಎರಡನೆಯ ರಾತ್ರಿ: ಹೊಸದೇ ಬೇಕು ಎನ್ನುವ ಇದು,
ಹಳೆಯದನ್ನು ಬಿಡೆ ಎನ್ನುವ ಅದು.
ಮೂರನೆಯ ರಾತ್ರಿ: ಇದನ್ನು ಕಟ್ಟಲು ಅದು ಬೇಕು,
ಅದನ್ನು ಕಟ್ಟಲು ಇದು.
ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಸಿಟ್ಟಿನಲ್ಲಿ ಒಂದನ್ನು ಕಿತ್ತೆ;
ಹೋಗುವಾಗ ಅದು ನಾನು ಬರೆಯುವ ಎಡಿಟರಿನ
ಕೈಹಿಡಿದುಕೊಂಡೇ ಹೋಯಿತು.
ಪರದೆ ಕೇಳಿತು: ಇವು ಈಗ ಅನಾಥ, ತೆಗೆದುಬಿಡಲೇ?
ಒಂದರ ಮುಂದೆ ಬರೆದಿತ್ತು,
ನೋಡಿಕೊಳ್ಳುವವರು: ಯಾರೂ ಇಲ್ಲ.
ರಾತ್ರಿ ಎರಡೂವರೆಗೆ ಅಂಥದ್ದನ್ನು ಓದಬಾರದು.

ಬೆಳಿಗ್ಗೆ ದಪ್ಪ ಮಾರ್ಕರಿನಲ್ಲಿ ಕೈಯಲ್ಲೇ ಬರೆದೆ,
ಉಬ್ಬರ ೫-೪೦, ಇಳಿತ ೧೧-೫೨,
ಬಸ್ಸಿಗೆ ಓಡುವ ಮುನ್ನ ಅವಳ ಅಂಚೆಕಿಂಡಿಗೆ ತುರುಕಿದೆ.

ಹೀಗೇ ಎರಡು ವಾರ. ಆಮೇಲೆ ಹಾಳೆಗಳ ಕಟ್ಟು
ನನ್ನ ಬಾಗಿಲಿಗೇ ಬಂತು. ಪ್ರತಿಯೊಂದರಲ್ಲೂ
ಪೆನ್ಸಿಲಿನ ತಿದ್ದುಪಡಿ: ಒಂದು ಗಂಟೆ ಕೂಡಿಸು.
ಪಟ್ಟಿ ಗ್ರೀನಿಚ್ ಕಾಲದ್ದು; ಬೇಸಿಗೆಯ ಗಂಟೆ ನನಗೆ ಹೊಳೆದಿರಲಿಲ್ಲ.
ಯಂತ್ರಕ್ಕೂ ಹೊಳೆಯುತ್ತಿರಲಿಲ್ಲ. ಜಾಗ ತಿನ್ನುತ್ತದೆಂದು
ನಾನು ಮೊದಲು ಕಿತ್ತೆಸೆದದ್ದೇ ಊರೂರ ಕಾಲದ ಕಡತ.

ಹೇಗೆ ಗೊತ್ತಾಯಿತು ನಿಮಗೆ?
ಕಿಟಕಿ, ಅಂದಳು. ಮರದ ಆ ಮೂರನೆಯ ಗೂಟ ಮುಳುಗಿದರೆ
ತುಂಬುಬ್ಬರ. ದೂರದ್ದು ಚೆನ್ನಾಗಿಯೇ ಕಾಣುತ್ತದೆ.
ಮತ್ತೆ ಈ ಹಾಳೆ?
ಟೀ ಸೋಸುತ್ತಿದ್ದಳು, ಕೇಳಿಸಲಿಲ್ಲವೋ ಏನೋ.
ನಿನ್ನ ಮನೆಯ ಇನ್ನೊಂದು ಕೀಲಿ ಇಲ್ಲಿಟ್ಟು ಹೋಗು, ಅಂದಳು,
ಗ್ಯಾಸಿನವನು ಬಂದರೆ ನಾನಿರುತ್ತೇನೆ.

ಯಂತ್ರ ಮೇಜಿನ ಮೇಲೆ ಹಾಗೇ ನಿಂತಿದೆ, ಬೆತ್ತಲೆ,
ಹೌದು, ಇಲ್ಲ ಎಂದು ಮಿಟುಕುತ್ತ.
ಗೊಮ್ಮಟನ ಕಾಲಿಗೆ ಬಳ್ಳಿ ಹಬ್ಬಿತ್ತಲ್ಲ, ತೊಡೆ ದಾಟಿ ತೋಳಿನವರೆಗೆ;
ಅಷ್ಟು ಸಲ ನೋಡಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾಳೆ ಉಬ್ಬರ ೬-೪೭ಕ್ಕೆ.
ಕೂಡಿಸಿಯೇ ಬರೆದಿದ್ದೇನೆ.