ಬಹುದು

ಬುಧವಾರ ನಾಗಮ್ಮ ಬರುತ್ತಾಳೆ ದೇವಸೂಗೂರಿನ ಬಸ್ಸಿಗೆ,
ಯೂರಿಯಾದ ಖಾಲಿ ಚೀಲದಲ್ಲಿ ನೆಲನೆಲ್ಲಿ ಒತ್ತಿ ತುಂಬಿಕೊಂಡು.
"ಈ ಚೀಲ ಬ್ಯಾಡ ಅಂದಿದ್ನಲ್ಲವ್ವಾ" ಅಂದರೆ
"ಮೂರ್ ಸಲ ಒಗದೀನಿ, ನನ್ ಸೀರಿಗಿಂತ ಸ್ವಚ್ಛ ಅದ."

ಗದ್ದೆಯ ಬದುವಿನಲ್ಲಿ ಕಾಲಿಗೆ ಸಿಗುವ ಗಿಡ.
ಎಲೆಯಡಿ ಸಾಲಾಗಿ ಕಾಯಿ ಬಚ್ಚಿಟ್ಟು
ಮೇಲಿಂದ ನೋಡಿದವರಿಗೆ ಬಂಜೆಯಂತೆ ನಿಂತಿರುತ್ತದೆ.
ಶಕ್ತಿನಗರದ ಬೂದಿ ಬಿಡಿಸಲು ಎರಡು ಬಕೆಟ್ ನೀರು,
ಆಮೇಲೆ ನೆರಳಲ್ಲಿ ಹರವು.
ರಾಯಚೂರಲ್ಲಿ ನೆರಳೂ ಅರ್ಧ ಬಿಸಿಲೇ.

ಪುಡಿ ಗಾಜಿಗೆ ಇಳಿಯುತ್ತದೆ.
ಸ್ಪಿರಿಟ್ಟು ಕಾಯ್ದು, ಏರಿ, ತಣಿದು, ಮತ್ತೆ ಸುರಿಯುತ್ತದೆ,
ಹದಿನೆಂಟು ತಾಸು.
ಸಾರಾಯಿ ಸುಟ್ಟ ಕಾಳಿಜಕ್ಕೆ
ಸಾರಾಯಿಯಲ್ಲೇ ಇಳಿಸಿದ ಸಾರ!
ನಗುವುದು ನಾನೊಬ್ಬನೇ.

ಇಲಿಗಳು ಐದು ಗುಂಪು.
ವಾರಕ್ಕೆರಡು ಸೂಜಿ ವಿಷ, ಎಂಟು ವಾರ.
ಎರಡನೆಯ ಗುಂಪಿಗೆ ವಿಷವಷ್ಟೇ, ಮದ್ದಿಲ್ಲ.
ಅವುಗಳ ನೀರಿನ ಬಾಟಲಿ ನಾನು ಮೊದಲು ತುಂಬುತ್ತೇನೆ.
ರಿಜಿಸ್ಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

"ಹುಸೇನಪ್ಪಾ, ಬಾ ನೋಡು" ಎಂದು ಫರ್ಹಾನಾ ಮೇಡಂ
ಸೂಕ್ಷ್ಮದರ್ಶಕ ಬಿಟ್ಟು ಸರಿದು ಕೂತರು.
ಕೆಂಪು ನೆಲ. ನಡುವೆ ನೀಲಿ ದಾರ:
ಗಾಯ ಮಾಯ್ದರೂ ಹೊಲಿಯುವುದು ನಿಲ್ಲಿಸದ ಸೂಜಿ
ಹೊಲಿದೂ ಹೊಲಿದೂ ಅಂಗವನ್ನೇ ಚೀಲ ಮಾಡಿತ್ತು.
ಇನ್ನೊಂದು ಗಾಜು ಇಟ್ಟರು, ಸಾರ ಕುಡಿದ ಇಲಿಯದು.
ನೀಲಿ ಅಲ್ಲಲ್ಲಿ, ಒಗೆದ ಅಂಗಿಯ ಜೇಬಲ್ಲಿ ಉಳಿದ ಮಸಿಯಷ್ಟು.
ಪೂರ್ತಿ ಹೋಗಿರಲಿಲ್ಲ.

ಮೇಡಂ ಬರೆದರು: ರಕ್ಷಿಸಬಹುದು.

ನಾಗಮ್ಮನಿಗೆ ಓದಿ ಹೇಳಿದೆ.
"ಬಹುದು ಅಂದ್ರ? ಆಗತದೋ, ಆಗಂಗಿಲ್ಲೋ?"
"ಇಲಿಗೆ ಆಗ್ಯದ."
"ಮನಶ್ಯಾಗ?"
ನಾನು ತಕ್ಕಡಿಯ ತಟ್ಟೆ ಒರೆಸಿದೆ. ಒರೆಸಿದ್ದನ್ನೇ ಒರೆಸಿದೆ.

ಮೂರು ವರ್ಷದಿಂದ ಅವಳ ಚೀಲ ಒಂದು ಹಿಡಿ ಕಡಿಮೆ ತೂಗುತ್ತದೆ.
ನಾನು ಐದು ಕಿಲೋ ಎಂದೇ ಬರೆಯುತ್ತೇನೆ.
ಆ ಹಿಡಿ ಅರೆದು ಮಜ್ಜಿಗೆಯಲ್ಲಿ
ತಮ್ಮ ತಾಯಪ್ಪನಿಗೆ ಕೊಡುತ್ತಾಳೆ, ಗೊತ್ತು.
ಅವನ ಸ್ಕ್ಯಾನಿನ ಚೀಟಿ ಓದಿದವನೂ ನಾನೇ.

"ದವಾಖಾನಿ ಗುಳಿಗಿ ಬಿಡಿಸಬ್ಯಾಡವ್ವ."
"ಅದನ್ಯಾಕ ಬಿಡಿಸಲಿ? ಕುಡಿಯದು ಬಿಡಿಸೀನಿ.
ಹೋದ ಶ್ರಾವಣದಿಂದ ಬಾಗಲಾಗ ಮಲಗ್ತೀನಿ,
ದಾಟಿ ಹೋಗಾಕ ನಾಚ್ತಾನ."

ಬಾಗಿಲಿಗೆ ಅಡ್ಡ ಮಲಗುವ ಅಕ್ಕ:
ದಿನಕ್ಕೆಷ್ಟು, ಯಾವ ಗುಂಪಿಗೆ,
ಎಲ್ಲಿ ಬರೆದುಕೊಳ್ಳಲಿ ಮೇಡಂ?

ಬಸ್ಸು ಹಾರ್ನು ಹೊಡೆಯಿತು.
"ಮುಂದಿನ ಬುಧವಾರ ಬರ್ತೀಯಲ್ಲ?"
ಖಾಲಿ ಚೀಲ ಮಡಚಿ ಕಂಕುಳಿಗಿಟ್ಟು ಮೆಟ್ಟಿಲು ಹತ್ತಿದಳು,
ತಿರುಗಿ, ಹೊಸ ಚಪ್ಪಲಿ ಮೆಟ್ಟಿ ನೋಡುವವಳಂತೆ,
"ಬರಬಹುದು" ಅಂದಳು.