ಬಿರಡೆಯನ್ನು ಬೈಯಬೇಡ

ಬಿರಡೆಯನ್ನು ಬೈಯಬೇಡ, ಎದಿಲ್ಬೆರ್ತೊ.
ಎಲ್ಲರೂ ಮೊದಲು ಬೈಯುವುದು ಅದನ್ನೇ,
ಕುಣಿಯಲಾರದವಳು ನೆಲ ಡೊಂಕೆಂದ ಹಾಗೆ.
ನೋಡಿಲ್ಲಿ, ಒಂದು ತಂತಿಗೆ ಏಳು ಸುತ್ತು!
ಯಾರು ಸುತ್ತಿದ್ದು? ಅಜ್ಜಿಯ ನೂಲುಂಡೆಯೇ ಇದು?
ಎರಡು ಸಾಕು, ಹೆಚ್ಚೆಂದರೆ ಮೂರು.
ಸಡಿಲ ಸುತ್ತಿನೊಳಗೆ ಶ್ರುತಿ ಅವಿತುಕೊಳ್ಳುತ್ತದೆ
ಬಾಡಿಗೆ ಬಾಕಿಯಿಟ್ಟವನ ಹಾಗೆ,
ಒಳಗೇ ಇದ್ದು ಬಾಗಿಲು ತೆರೆಯುವುದಿಲ್ಲ.

ಸ್ಟೂಲು ಎಳೆದುಕೋ. ಫ್ಯಾನಿನ ಕೆಳಗೆ ಬೇಡ.
ಪುಕಾಲ್ಪಾದ ಗಾಳಿ ಹಿಂಡಿದರೆ ನೀರು;
ಮರದ ಕತ್ತು ಒಂದು ಗಳಿಗೆ ಉಬ್ಬಿ
ಒಂದು ಗಳಿಗೆ ಒಣಗಿದರೆ
ನಾನೇನು, ಸಂತರು ಬಂದರೂ ಶ್ರುತಿ ನಿಲ್ಲಿಸಲಾರರು.
ಮಡಿಲಲ್ಲಿ ಮಲಗಿಸಬೇಡ ಅದನ್ನು, ಮಗುವಲ್ಲ.
ನುಡಿಸುವ ಹಾಗೇ ಹಿಡಿದು ಶ್ರುತಿ ಮಾಡು.

ಈಗ ತೋಳು ಅದುಮು.
ಕುದುರೆ ಮುಂದಕ್ಕೆ ಬಾಗಿತಲ್ಲ?
ಆರೂ ತಂತಿ ಉಸಿರು ಬಿಟ್ಟು ಜೋತವು.
ಕೈ ಬಿಟ್ಟರೆ ಬೆನ್ನ ಪೊಟರೆಯ ಮೂರು ಸ್ಪ್ರಿಂಗು
ಹಿಂದಕ್ಕೆ ಜಗ್ಗುತ್ತವೆ.
ಹಗ್ಗಜಗ್ಗಾಟ. ಯಾರೂ ಗೆಲ್ಲದಿರುವಷ್ಟು ಹೊತ್ತು ಹಾಡು.
ಅದಕ್ಕೇ ಒಂದನ್ನು ಬಿಗಿದರೆ ಐದು ಇಳಿಯುವುದು:
ಆರು ಮಂದಿ ವಾರಗಿತ್ತಿಯರ ಮನೆ,
ಒಬ್ಬಳನ್ನು ರಮಿಸಿದೆಯೋ ಐವರಿಗೆ ಮುನಿಸು.
ಮತ್ತೆ ಮೊದಲಿಂದ ಬಾ. ಮತ್ತೆ.
ಮೂರು ಸಲ ಸುತ್ತಿ ಬಂದರೆ ಮನೆ ತಣ್ಣಗಾಗುತ್ತದೆ.

ಏನು ಗದ್ದಲ ಈ ಮೋಟೊಕಾರುಗಳದ್ದು!
ಕಿವಿ ಹತ್ತಿರ ತಾ. ಇನ್ನೊಮ್ಮೆ ಅದುಮು, ಬಿಡು.
ಕೇಳಿತಾ, ಟಿಕ್?
ಕಳ್ಳ ಇರುವುದು ಇಲ್ಲಿ, ಕತ್ತಿನ ತುದಿಯಲ್ಲಿ,
ಈ ಎಲುಬಿನ ಪಟ್ಟಿಯ ಗೀರಿನೊಳಗೆ.
ಜೋತ ತಂತಿ ಬಿರಡೆಯ ಕಡೆಗೆ ಕೊಂಚ ಜಾರಿ,
ಮರಳುವಾಗ ಅಲ್ಲೇ ಸಿಕ್ಕಿಕೊಳ್ಳುತ್ತದೆ.
ವಿಚಿತ್ರ ಕೇಳು: ಇಳಿದು ಹೋದದ್ದು
ಇಳಿದೇ ಬರುವುದಿಲ್ಲ,
ಕೂದಲೆಳೆ ಏರಿ ಬರುತ್ತದೆ.

ನನ್ನಣ್ಣ ಅಬ್ಸಲೋನ್ ಹೀಗೇ.
ಉಕಯಾಲಿಯ ಲಾಂಚುಗಳಲ್ಲಿ ನುಡಿಸಲು ಹೋಗುವನು
ಕೆಳಗೆ, ಕೊಂತಮಾನಕ್ಕೆ, ಇನ್ನೂ ಕೆಳಗೆ.
ಪ್ರತಿ ಸಲ ಮರಳುವಾಗ ಕೂದಲೆಳೆ ಏರಿರುವನು:
ದನಿ ಕೊಂಚ ಜೋರು, ಕೈಗೊಂದು ಗಡಿಯಾರ,
ಅಮ್ಮನ ಮೀನು ಸಾರಿಗೆ ಉಪ್ಪು ಸಾಲದು.
ನಾವು ಐವರೂ ಅವನಿಗೆ ತಕ್ಕಂತೆ
ನಮ್ಮನ್ನು ಬಿಗಿದುಕೊಂಡೆವು, ಸಡಿಲಿಸಿದೆವು.
ಕುಣಿಯುವವರಿಗೆ ಅದೇನೂ ತಿಳಿಯದು.
ಅವರಿಗೆ ಡೋಲು ಇದ್ದರಾಯಿತು, ಬಿಯರು ಇದ್ದರಾಯಿತು.

ಪೆನ್ಸಿಲ್ ಕೊಡು. ಮೊಮ್ಮಗನದು,
ಅವನ ಲೆಕ್ಕ ಹೇಗೂ ತಪ್ಪೇ.
ತಂತಿ ಎತ್ತಿ ಗೀರಿನೊಳಗೆ ತಿಕ್ಕು,
ಕಪ್ಪು ಹೊಳಪು ಬರುವ ತನಕ.
ಎಣ್ಣೆ ಬೇಡ. ಎಣ್ಣೆ ಧೂಳನ್ನು ಊಟಕ್ಕೆ ಕರೆಯುತ್ತದೆ.

ಇನ್ನೊಂದಿದೆ, ಬೆರಳಿನದು.
ಅದುಮಿ ಬಿಡುವೆಯಲ್ಲ, ಬಿಟ್ಟ ಮೇಲೆ
ತೋಳನ್ನು ಮೇಲಕ್ಕೊಮ್ಮೆ ಎಳೆ, ಇಷ್ಟೇ,
ಮಲಗಿದವನ ಕಂಬಳಿ ಸರಿಪಡಿಸುವಷ್ಟು.
ಸಿಕ್ಕಿದ್ದು ಬಿಡಿಸಿಕೊಂಡು ತನ್ನ ಜಾಗಕ್ಕೆ ಬರುತ್ತದೆ.
ಅಬ್ಸಲೋನನಿಗೆ ನೂರು ಸಲ ಹೇಳಿದೆ.
ನಕ್ಕ. ನದಿಯ ಶ್ರುತಿಯೇ ಹೀಗೆ ಅಂದ.

ಎಲ್ಲಿ ಕೊಂಡೆ ಇದನ್ನು? ಕೆಂಪು ಬಣ್ಣ ನಿನ್ನದು,
ಕೆಳಗೆ ಹಸಿರಿದೆ, ಸ್ಕ್ರೂ ಪಕ್ಕ ಇಣುಕುತ್ತಿದೆ.
ಈ ಎಲುಬಿನ ಪಟ್ಟಿ
ಅಂಗಡಿಯದ್ದಲ್ಲ. ಮೂರನೆಯ ಗೀರು ಕೊಂಚ ಸೊಟ್ಟ.
ಅಡುಗೆಮನೆಯ ಮೆಟ್ಟಿಲ ಮೇಲೆ ಕೂತು
ದನದ ಮೂಳೆ ಅರೆದವಳಿಗೆ ಆಗ ಹದಿನಾರು,
ಅರದ ಜಾರಿ ಹೆಬ್ಬೆರಳು ಕೊಯ್ದಿತ್ತು.
ಈ ಗುರುತು ನೋಡು.

ಯಾರ ಕೈಯಿಂದ ಕೊಂಡೆ?
ಬೇಡ, ತಾಳು.
ಮೊದಲು ಅದುಮು. ಬಿಡು.
ಹ್ಞಾಂ, ಮೇಲಕ್ಕೆ, ಮೆಲ್ಲಗೆ.

ನಿಂತಿತು.

ಐದು ಸೋಲ್ ಅಲ್ಲಿ ಡಬ್ಬಿಗೆ ಹಾಕು.
ಈಗ ಹೇಳು.