ಗೆಟ್

ಮೂವತ್ತೊಂದು ವರ್ಷ ಗ್ರಿಮ್ಸ್‌ಬಿಯ ಹಡಗುಕಟ್ಟೆಯಲ್ಲಿ
ಹ್ಯಾಡಕ್ ಮೀನಿನ ಬೆನ್ನು ಸೀಳಿದ ಕೈ ಇದು.
ಈಗ ಮಂಗಳವಾರ ಸಂಜೆ ಮಾರ್ಕರ್ ಹಿಡಿಯುತ್ತದೆ,
ಚಾಪೆಲ್ಲಿನ ಹಿಂದಿನ ಕೋಣೆಯಲ್ಲಿ, ಹೀಟರು ಕೆಮ್ಮುವಲ್ಲಿ.
ಎಷ್ಟು ತೊಳೆದರೂ ಮಾರ್ಕರಿಗೆ ನನ್ನದೇ ವಾಸನೆ.

ಎದುರಿಗೆ ಐದು ಜನ.
ರೆಬ್ವಾರ್, ಕಳ್ಳರ ಭಯಕ್ಕೆ ಸೈಕಲ್ಲನ್ನೂ ಕ್ಲಾಸಿಗೆ ತರುವವನು.
ಯುರ್ಗಿತಾ, ನಾನು ನಿಂತ ಸಾಲಿನಲ್ಲೇ ಈಗ ನಿಂತು
ಸಂಜೆ ಬೆರಳು ಮಡಚಲಾರದವಳು.
ಲೆತೆಬ್ರಹಾನ್, ಕೋಟು ಬಿಚ್ಚದೆ, ಬಾಗಿಲ ಪಕ್ಕ.
ಇನ್ನಿಬ್ಬರು ಅಣ್ಣತಮ್ಮ, ಒಂದೇ ಪೆನ್ನು.

ಇವತ್ತು ಸುಲಭದ ಪದ, ಅಂದೆ. ಗೆಟ್.
ಅರ್ಥ? ಸಿಗುವುದು. ಪಡೆಯುವುದು. ಅಷ್ಟೇ.

ಅಷ್ಟೇ ಅಂದದ್ದು ತಪ್ಪಾಯಿತು.
ಹತ್ತನೇ ನಂಬರ್ ಬಸ್ಸು ಹತ್ತಿದರೂ ಗೆಟ್, ಇಳಿದರೂ ಗೆಟ್,
ಬೆಳಿಗ್ಗೆ ಎದ್ದರೆ, ರಾತ್ರಿ ಮನೆ ಮುಟ್ಟಿದರೆ,
ಮಳೆಗೆ ನೆಂದರೆ, ನೆಗಡಿಯಾದರೆ, ಮುದುಕಿಯಾದರೆ,
ಕೆಲಸ ಸಿಕ್ಕರೂ ಅದೇ, ಕೆಲಸದಿಂದ ಕಿತ್ತುಹಾಕಿದರೂ ಅದೇ.
ನಾಯಿ ಓಡಿಸುವುದಕ್ಕೂ ಅದೇ ಟೀಚರ್, ಅಂದ ರೆಬ್ವಾರ್,
ಹಿಂದೆ ಒಂದು ಔಟ್ ಹಚ್ಚಬೇಕು.
ನಮ್ಮ ಬೀದಿಯಲ್ಲೊಬ್ಬ ಕಾರಿನಿಂದ ತಲೆ ಹೊರಹಾಕಿ
ನನಗೆ ಪುಕ್ಕಟೆ ಹೇಳಿಕೊಟ್ಟ.
ಎಲ್ಲರೂ ನಕ್ಕರು. ನಾನು ನಗಲೋ ಬೇಡವೋ
ಅಂತ ಬೋರ್ಡು ಒರೆಸಿದೆ.

ಆಗ ಲೆತೆಬ್ರಹಾನ್ ಕೈ ಎತ್ತಿದಳು.
ಸೆಪ್ಟೆಂಬರಿನಿಂದ ಇದು ಮೊದಲು.
ಪಕ್ಕದ ಮನೆಯಾಕೆ ಕೇಕಿನ ತಟ್ಟೆ ಕೈಗಿಟ್ಟು
ಮೆತ್ತಗೆ ಹೇಳಿದ್ದಳಂತೆ:
ಯು ವಿಲ್ ಗೆಟ್ ಓವರ್ ಇಟ್, ಲವ್.
ನಾಲ್ಕು ದಿನ ಇದನ್ನೇ ಯೋಚಿಸಿದ್ದಾಳೆ.
ಗೆಟ್ ಈಗ ಗೊತ್ತಾಯಿತು.
ಓವರ್ ಅಂದರೆ ಮೇಲಿಂದ, ಆಚೆಗೆ.
ಬೇಲಿಯ ಆಚೆಗೆ. ದೋಣಿಯ ಅಂಚಿನ ಆಚೆಗೆ.
ಆದರೆ ಟೀಚರ್, ಇಟ್ ಅಂದರೆ ಯಾರು?
ಅವನ ಹೆಸರು ಹಾಬ್ತೊಮ್. ಏಳು ತುಂಬಿತ್ತು.
ಅವನಿಗೆ ಹೀ ಅನ್ನಬೇಕಲ್ಲವೇ?

ಹೀಟರು ಕೆಮ್ಮಿತು.
ಯುರ್ಗಿತಾ ಪೆನ್ನಿನ ಟೊಪ್ಪಿಗೆ ಹಾಕಿ, ತೆಗೆದು, ಹಾಕಿದಳು.

ನನಗೂ ಇದನ್ನೇ ಹೇಳಿದ್ದರು,
ಅಪ್ಪನ ಟ್ರಾಲರು ಐಸ್‌ಲ್ಯಾಂಡಿನ ಕಡೆಯಿಂದ
ಬಾರದೇ ಹೋದ ಚಳಿಗಾಲ.
ನಾನು ಹೂಂ ಅಂದಿದ್ದೆ.
ಹುಟ್ಟಿದಾಗಿನಿಂದ ನನ್ನದೇ ಭಾಷೆ,
ಇಟ್ ಯಾರೆಂದು ಕೇಳಲು ನನಗೆ ಹೊಳೆದಿರಲಿಲ್ಲ.

ಬೋರ್ಡಿನ ಮೇಲೆ ಇಟ್ ಅಳಿಸಿ ಹಿಮ್ ಬರೆದೆ.
ವ್ಯಾಕರಣ ಸರಿ, ಮಾತು ಇನ್ನೂ ಕೆಟ್ಟಿತು.
ಅದನ್ನೂ ಅಳಿಸಿದೆ.
ಗೊತ್ತಿಲ್ಲಮ್ಮ, ಅಂದೆ. ಅವಳು ಅದನ್ನೇ
ಉತ್ತರವೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಎಂಟಕ್ಕೆ ಬೀಗ. ಮುಂದಿನ ವಾರ ಟೇಕ್, ಅಂದೆ.
ಸುಲಭದ ಪದ ಅನ್ನಲಿಲ್ಲ.

ಸ್ಟಾಪಿನಲ್ಲಿ ನಾವಿಬ್ಬರೇ, ಒಂದೇ ಕೊಡೆ, ಅಡ್ಡಗಾಳಿ.
ಹತ್ತನೇ ನಂಬರು ತಿರುವಿನಲ್ಲಿ ಕಂಡಿತು.
ಗೆಟ್ ಆನ್, ಅಂದಳು,
ನನ್ನ ಮೊಣಕೈ ಹಿಡಿದು, ತಾನು ಹಿಂದೆ ನಿಂತು.